ಕೊರಿಂಥದ ಪಂಕ್ತಿಭೇದ: ಒಂದು ಪುಟ್ಟ ಸಭೆಯ ಪ್ರಕರಣ

ಒಂದೇ ಮನೆಯಲ್ಲಿ ಊಟ. ಬಂದವರೆಲ್ಲ ಒಂದೇ ಹೆಸರಿನಲ್ಲಿ, ಕ್ರಿಸ್ತನ ಹೆಸರಿನಲ್ಲಿ, ಪ್ರಾರ್ಥನೆ ಮಾಡುವವರು. ಆದರೂ ಊಟ ಮುಗಿಯುವ ಹೊತ್ತಿಗೆ ಕೆಲವರಿಗೆ ದ್ರಾಕ್ಷಾರಸದ ಅಮಲೇರಿತ್ತು, ಕೆಲವರು ಹಸಿದುಕೊಂಡೇ ಕೂತಿದ್ದರು. ಇದು ನಡೆದದ್ದು ಗ್ರೀಸಿನ ಕೊರಿಂಥ ಪಟ್ಟಣದಲ್ಲಿ, ಕ್ರಿ.ಶ. 50ರ ದಶಕದಲ್ಲಿ. ಸುದ್ದಿ ಸಮುದ್ರ ದಾಟಿ ಎಫೆಸಕ್ಕೆ ಹೋಯಿತು. ಕೊರಿಂಥದ ಈ ಸಭೆಯನ್ನು ಕಟ್ಟಿದ ಕ್ರೈಸ್ತ ಬೋಧಕ ಪೌಲ ಆಗ ಅಲ್ಲಿದ್ದ, ಒಂದು ಉದ್ದನೆಯ ಪತ್ರ ಬರೆಸಿ ಕಳಿಸಿದ. ಬೈಬಲಿನಲ್ಲಿ ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರ ಅಂತ ಓದುವುದು ಅದನ್ನೇ.

ಪಂಕ್ತಿಭೇದ ಅಂದರೆ ಏನು ಅಂತ ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಅದಕ್ಕೇ ಆ ಪತ್ರದ 11ನೇ ಅಧ್ಯಾಯ ಓದಿದಾಗಲೆಲ್ಲ ನನಗೆ ಎದೆ ಚುರ್ ಅನ್ನುತ್ತದೆ. ಮೊದಲ ಕಾಲದ ಕ್ರೈಸ್ತರ ನಡುವಿನ ಭಿನ್ನತೆ ಅಂದ ಕೂಡಲೇ ನಂಬಿಕೆಯ ಜಗಳ ನೆನಪಾಗುತ್ತದೆ. ಯಾರು ಏನು ಬೋಧಿಸಿದರು, ಯಾರದು ಸರಿ, ಯಾರದು ತಪ್ಪು ಅಂತ. ಕೊರಿಂಥಕ್ಕೆ ಹೋದರೆ ಬೇರೆ ಪ್ರಶ್ನೆಗಳನ್ನು ಮೊದಲು ಕೇಳಬೇಕಾಗುತ್ತದೆ. ಯಾರು ಯಾರ ಮೂಲಕ ಬಂದರು? ಯಾರ ಮನೆಯಲ್ಲಿ ಸೇರುತ್ತಿದ್ದರು? ಯಾರು ಯಾರ ಋಣದಲ್ಲಿದ್ದರು? ಈ ಜನರನ್ನು ಒಟ್ಟಿಗೆ ತಂದ ನಂಟುಗಳೇ ಅವರನ್ನು ಒಡೆದವು ಅಂತ ನನಗೆ ಅನಿಸುತ್ತದೆ.

ಊರು

ಕೊರಿಂಥ ಹಳೇ ಹೆಸರು. ಆದರೆ ಪೌಲ ಕಂಡ ಕೊರಿಂಥ ಹೊಸ ಊರು. ಕ್ರಿ.ಪೂ. 146ರಲ್ಲಿ ರೋಮಿನ ಸೇನಾಪತಿ ಮುಮ್ಮಿಯಸ್ ಹಳೆಯ ಪಟ್ಟಣವನ್ನು ಹಾಳುಗೆಡವಿದ. ನೂರು ವರ್ಷ ಅದು ಹಾಗೇ ಬಿದ್ದಿತ್ತು. ಕ್ರಿ.ಪೂ. 44ರಲ್ಲಿ ಜೂಲಿಯಸ್ ಸೀಸರನ ನಿರ್ಧಾರದಂತೆ ಅಲ್ಲಿ ರೋಮನ್ ವಸಾಹತು ಎದ್ದಿತು. ಅಲ್ಲಿಗೆ ಕಳಿಸಿದವರಲ್ಲಿ ಹೆಚ್ಚಿನವರು ಬಿಡುಗಡೆ ಪಡೆದ ಗುಲಾಮರು ಅಂತ ಗ್ರೀಕ್ ಭೂಗೋಳಕಾರ ಸ್ಟ್ರಾಬೊ ಬರೆದಿದ್ದಾನೆ. ತಲೆತಲಾಂತರದ ದೊಡ್ಡ ಮನೆತನಗಳ ಹಿಡಿತ ಅಲ್ಲಿ ಕಡಿಮೆ. ತಾತ ಗುಲಾಮನಾಗಿದ್ದರೂ ಮೊಮ್ಮಗ ದುಡ್ಡು ಮಾಡಿ ಊರಲ್ಲಿ ಹೆಸರು ಕೆತ್ತಿಸಿಕೊಳ್ಳಬಹುದಿತ್ತು.

ಆಚೆ ಈಚೆ ಎರಡು ಸಮುದ್ರ, ನಡುವೆ ಕಿರಿದಾದ ನೆಲ. ತೀರಾ ಕಿರಿದಾದ ಕಡೆ ಸುಮಾರು 6 ಕಿ.ಮೀ. ಅಷ್ಟೇ. ಲೆಖಾಯೊನ್ ಬಂದರಿನಿಂದ ಇಟಲಿಯ ಕಡೆಗೆ ದಾರಿ, ಕೆಂಖ್ರೆಯ ಬಂದರಿನಿಂದ ಏಷ್ಯಾದ ಕಡೆಗೆ. ನಡುವೆ ಕಲ್ಲು ಹಾಸಿದ ಒಂದು ರಸ್ತೆ. ಅದರ ಮೇಲೆ ಸರಕನ್ನೂ ಕೆಲವೊಮ್ಮೆ ಹಡಗನ್ನೂ ಈ ಕಡೆಯಿಂದ ಆ ಕಡೆಗೆ ಎಳೆಯುತ್ತಿದ್ದರು. ಸರ್ಕಾರಿ ಶಾಸನಗಳು ಲ್ಯಾಟಿನ್‌ನಲ್ಲಿ, ಬೀದಿಯ ಮಾತು ಗ್ರೀಕ್‌ನಲ್ಲಿ. ಯೆಹೂದ್ಯರೂ ಇದ್ದರು, ಅವರಿಗೊಂದು ಸಭಾಮಂದಿರವೂ ಇತ್ತು. ದಾರಿಹೋಕರ ಊರು ಅಂದರೆ ತಪ್ಪಿಲ್ಲ.

ಯಾರು, ಯಾರ ಮೂಲಕ

ಪೌಲ ಸುಮಾರು 50ರಲ್ಲಿ ಬಂದ, ಒಂದೂವರೆ ವರ್ಷ ಇದ್ದ. ಈ ಇಸವಿ ಸುಮ್ನೆ ಊಹೆಯಲ್ಲ. ಅವನನ್ನು ಗಲ್ಲಿಯೋ ಎಂಬ ರಾಜ್ಯಪಾಲನ ಮುಂದೆ ಎಳೆದುಕೊಂಡು ಹೋದರು ಅಂತ ಬೈಬಲಿನ ಅಪೊಸ್ತಲರ ಕೃತ್ಯಗಳು ಎಂಬ ಪುಸ್ತಕದಲ್ಲಿದೆ. ಆ ಗಲ್ಲಿಯೋನ ಹೆಸರು ಡೆಲ್ಫಿಯಲ್ಲಿ ಸಿಕ್ಕ ಕಲ್ಲಿನ ತುಂಡುಗಳ ಮೇಲೆ, ಕ್ಲಾಡಿಯಸ್ ಚಕ್ರವರ್ತಿಯ ಪತ್ರವೊಂದರಲ್ಲಿ ಬರುತ್ತದೆ. ಅದರಿಂದ ಅವನ ಅಧಿಕಾರದ ಕಾಲ 51-52ರ ಆಸುಪಾಸು ಅಂತ ಗೊತ್ತಾಗುತ್ತದೆ.

ಪೌಲನಿಗೆ ಇಲ್ಲಿ ಸಿಕ್ಕ ಮೊದಲ ನಂಟು ಕಸುಬಿನದು. ಅಕ್ವಿಲ, ಪ್ರಿಸ್ಕಿಲ್ಲ ಅಂತ ಗಂಡ ಹೆಂಡತಿ. ಗಂಡ ಕಪ್ಪುಸಮುದ್ರದ ದಡದ ಪೊಂತದವನು. ಕ್ಲಾಡಿಯಸ್ ಯೆಹೂದ್ಯರನ್ನು ರೋಮಿನಿಂದ ಹೊರಹಾಕಿದಾಗ ಇಬ್ಬರೂ ಇಲ್ಲಿಗೆ ಬಂದಿದ್ದರು. ಗುಡಾರ ಹೊಲಿಯುವುದು ಅವರ ಕೆಲಸ, ಪೌಲನದೂ ಅದೇ. ಅವರ ಮನೆಯಲ್ಲೇ ಉಳಿದು ಜೊತೆಗೆ ದುಡಿದ. ಅಂಗಡಿಯಲ್ಲಿ ಕೂತು ಹೊಲಿಯುವವನ ಹತ್ತಿರ ಎಲ್ಲರೂ ಬರುತ್ತಾರೆ ಅಲ್ವಾ? ಹಡಗಿನವರು, ವ್ಯಾಪಾರಿಗಳು, ಧಣಿಯ ಸಾಮಾನು ತೆಗೆದುಕೊಂಡು ಹೋಗಲು ಬಂದ ಆಳುಗಳು. ಸೂಜಿ ನಿಲ್ಲಿಸದೆಯೇ ಮಾತಾಡಬಹುದು.

ಎರಡನೆಯ ನಂಟು ಸಭಾಮಂದಿರದ್ದು. ಅಲ್ಲಿನ ಮುಖ್ಯಸ್ಥ ಕ್ರಿಸ್ಪ ತನ್ನ ಮನೆಯವರೆಲ್ಲರ ಜೊತೆ ಪೌಲನ ಕಡೆ ಬಂದ. ಜಗಳವಾಗಿ ಪೌಲ ಸಭಾಮಂದಿರ ಬಿಟ್ಟಾಗ ಹೋದದ್ದು ತೀತ ಯುಸ್ತ ಎಂಬವನ ಮನೆಗೆ. ಆ ಮನೆ ಸಭಾಮಂದಿರದ ಪಕ್ಕದಲ್ಲೇ ಇತ್ತು. ಬಿಟ್ಟವರೂ ಉಳಿದವರೂ ದಿನವೂ ಮುಖ ನೋಡಲೇಬೇಕಾಗಿತ್ತು.

ಮೂರನೆಯದು ಮನೆತನದ ನಂಟು, ಎಲ್ಲಕ್ಕಿಂತ ಗಟ್ಟಿಯಾದದ್ದು. ಆ ಕಾಲದ ಮನೆ ಅಂದರೆ ಗಂಡ, ಹೆಂಡತಿ, ಮಕ್ಕಳು ಅಷ್ಟೇ ಅಲ್ಲ. ಗುಲಾಮರು, ಬಿಡುಗಡೆಯಾದ ಮೇಲೂ ಧಣಿಯ ಹಂಗಿನಲ್ಲೇ ಇದ್ದವರು, ಕೆಲಸದವರು ಎಲ್ಲ ಸೇರಿ ಮನೆ. ಮನೆಯೊಡೆಯ ದೀಕ್ಷಾಸ್ನಾನ, ಅಂದರೆ ಕ್ರೈಸ್ತನಾಗುವ ನೀರಿನ ಸಂಸ್ಕಾರ, ಪಡೆದರೆ ಮನೆಯೇ ಪಡೆಯುತ್ತಿತ್ತು. ಒಬ್ಬ ಗುಲಾಮ ಹುಡುಗಿಗೆ ಇದರಲ್ಲಿ ಎಷ್ಟು ಆಯ್ಕೆ ಇತ್ತು ಅನ್ನುವ ಪ್ರಶ್ನೆ ನನ್ನನ್ನು ಬಿಡುವುದಿಲ್ಲ. ಹೊಸ ದೇವರ ಮುಂದೆ ತಾನೂ ಒಡೆಯನೂ ಸಮ ಅಂತ ಅವಳು ಕೇಳಿಸಿಕೊಂಡಳು, ನಿಜ. ಅದನ್ನು ಕೇಳಿಸಿಕೊಳ್ಳಲು ಹೋದದ್ದು ಮಾತ್ರ ಒಡೆಯನ ಹಿಂದೆ.

ಪತ್ರದ ಮೊದಲ ಅಧ್ಯಾಯದಲ್ಲಿ ಒಂದು ಕ್ಷಣ ಇದೆ. ಪೌಲ ಮಾತು ಹೇಳುತ್ತಿದ್ದಾನೆ, ಲಿಪಿಕಾರ ಬರೆದುಕೊಳ್ಳುತ್ತಿದ್ದಾನೆ. ನನ್ನ ಹೆಸರಿಗೆ ನೀವು ದೀಕ್ಷಾಸ್ನಾನ ಮಾಡಿಸಿಕೊಂಡಿರಾ ಅಂತ ಕೇಳಿ, ದೇವರ ದಯೆ, ನಾನು ಕ್ರಿಸ್ಪ ಮತ್ತು ಗಾಯನನ್ನು ಬಿಟ್ಟು ಬೇರೆ ಯಾರಿಗೂ ದೀಕ್ಷಾಸ್ನಾನ ಮಾಡಿಸಲಿಲ್ಲ ಅನ್ನುತ್ತಾನೆ. ಆಮೇಲೆ ನೆನಪಾಗುತ್ತದೆ. ಹಾಂ, ಸ್ತೆಫನನ ಮನೆಯವರಿಗೂ ಮಾಡಿಸಿದೆ. ಅದು ಬಿಟ್ಟು ಬೇರೆ ಯಾರಾದರೂ ಇದ್ದರೋ ಗೊತ್ತಿಲ್ಲ. ಮೊದಲು ಹೇಳಿದ್ದನ್ನು ಯಾರೂ ಅಳಿಸಲಿಲ್ಲ, ತಿದ್ದುಪಡಿ ಹಾಗೆಯೇ ಕೆಳಗೆ ಕೂತಿದೆ. ನೆನಪಿಗೆ ಬಂದ ಆ ಮೂರು ಹೆಸರು ನೋಡಿ. ಸಭಾಮಂದಿರದ ಮುಖ್ಯಸ್ಥ ಒಬ್ಬ. ಇನ್ನೊಬ್ಬ ಗಾಯ, ಮುಂದೆ ರೋಮಿನವರಿಗೆ ಬರೆಯುವಾಗ ಪೌಲ ಇವನನ್ನು ಇಡೀ ಸಭೆಗೆ ಆತಿಥ್ಯ ಕೊಡುವವನು ಅನ್ನುತ್ತಾನೆ, ಅಂದರೆ ದೊಡ್ಡ ಮನೆ ಇದ್ದವನು. ಮೂರನೆಯವನು ಆ ಸೀಮೆಯಲ್ಲೇ ಮೊದಲು ನಂಬಿದ ಮನೆಯ ಒಡೆಯ. ನೆನಪಿನಲ್ಲಿ ಉಳಿಯುವುದು ಬಾಗಿಲು ತೆರೆದವರ ಹೆಸರು.

ಬಾಗಿಲಿನಿಂದ ಒಳಗೆ ಬಂದವರು? ಅವರಲ್ಲೂ ಕೆಲವರ ಹೆಸರು ಉಳಿದಿದೆ. ಫೊರ್ತುನಾತ ಅಂದರೆ ಅದೃಷ್ಟವಂತ. ಅಖಾಯಿಕ ಅಂದರೆ ಕೊರಿಂಥ ಇದ್ದ ಅಖಾಯ ಸೀಮೆಯವನು. ತೆರ್ತ್ಯ ಅಂದರೆ ಮೂರನೆಯವನು, ಕ್ವರ್ತ ಅಂದರೆ ನಾಲ್ಕನೆಯವನು. ಗುಲಾಮರಿಗೂ ಬಿಡುಗಡೆಯಾದವರಿಗೂ ಇಂಥ ಹೆಸರು ಸಾಮಾನ್ಯವಾಗಿತ್ತು. ರೋಮಿನವರಿಗೆ ಹೋದ ಪತ್ರವನ್ನು ಬರೆದುಕೊಂಡ ಕೈ ತೆರ್ತ್ಯನದು. ಪತ್ರದ ಕೊನೆಯಲ್ಲಿ ತನ್ನದೇ ಮಾತಿನಲ್ಲಿ ಒಂದು ವಂದನೆ ಸೇರಿಸಿದ್ದಾನೆ. ಅದರ ಮುಂದಿನ ಸಾಲಿನಲ್ಲೇ ಎರಸ್ತ ಬರುತ್ತಾನೆ. ಇವನು ಪಟ್ಟಣದ ಹಣಕಾಸು ನೋಡಿಕೊಳ್ಳುತ್ತಿದ್ದ ಅಧಿಕಾರಿ. ಅವನ ಪಕ್ಕದಲ್ಲೇ ಕ್ವರ್ತ, ಪೌಲನ ಮಾತಿನಲ್ಲಿ ಬರೀ ‘ಸಹೋದರ’. ಕೊರಿಂಥದಲ್ಲಿ ನಾಟಕಶಾಲೆಯ ಹತ್ತಿರ 1929ರಲ್ಲಿ ಒಂದು ಶಾಸನ ಸಿಕ್ಕಿತು, ಎರಸ್ತ ಎಂಬ ಅಧಿಕಾರಿ ಸ್ವಂತ ಖರ್ಚಿನಲ್ಲಿ ನೆಲಕ್ಕೆ ಕಲ್ಲು ಹಾಸಿಸಿದ ಅಂತ. ಇಬ್ಬರೂ ಒಬ್ಬನೇ ಅಂತ ಕೆಲವರು, ಅಲ್ಲ ಅಂತ ಕೆಲವರು ವಾದಿಸುತ್ತಾರೆ. ಹೇಗೇ ಇರಲಿ, ಅಧಿಕಾರಿಯೂ ‘ನಾಲ್ಕನೆಯವನೂ’ ಒಂದೇ ಸಾಲಿನಲ್ಲಿ ನಿಂತ ಕೂಟ ಆ ಕಾಲಕ್ಕೆ ಅಪರೂಪ. ನಿಮ್ಮಲ್ಲಿ ಲೋಕದ ಲೆಕ್ಕದಲ್ಲಿ ಜ್ಞಾನಿಗಳು ಬಹಳ ಜನ ಇಲ್ಲ, ಬಲವುಳ್ಳವರು ಬಹಳ ಇಲ್ಲ, ದೊಡ್ಡ ಕುಲದವರು ಬಹಳ ಇಲ್ಲ ಅಂತ ಪೌಲ ನೆನಪಿಸುತ್ತಾನೆ. ಬಹಳ ಇಲ್ಲ ಅಂದರೆ ಕೆಲವರಿದ್ದರು ಅಂತಲೇ ಅರ್ಥ. ಆ ಕೆಲವರ ಮನೆಗಳಲ್ಲೇ ಮಿಕ್ಕವರು ಸೇರಬೇಕಾಗಿತ್ತು.

ಪತ್ರದಲ್ಲಿ ಬಂದದ್ದು, ಬಾಯಿಯಿಂದ ಬಂದದ್ದು

ಈ ಪ್ರಕರಣದ ಗುಟ್ಟು ಇರುವುದು ಇಲ್ಲಿ ಅಂತ ನನ್ನ ಎಣಿಕೆ.

ಎಫೆಸದಲ್ಲಿದ್ದ ಪೌಲನಿಗೆ ಕೊರಿಂಥದ ಸುದ್ದಿ ಎರಡು ದಾರಿಯಲ್ಲಿ ತಲುಪಿತು. ಒಂದು, ಸಭೆಯವರೇ ಬರೆದ ಪತ್ರ. ನೀವು ಬರೆದ ವಿಷಯಕ್ಕೆ ಬರುತ್ತೇನೆ ಅಂತ 7ನೇ ಅಧ್ಯಾಯದಲ್ಲಿ ಪೌಲ ಅದನ್ನು ಕೈಗೆತ್ತಿಕೊಳ್ಳುತ್ತಾನೆ. ಮದುವೆ ಆಗಬೇಕೇ ಬೇಡವೇ, ಮೂರ್ತಿಗೆ ಅರ್ಪಿಸಿದ ಮಾಂಸ ತಿನ್ನಬಹುದೇ, ಆತ್ಮದ ವರಗಳು ಯಾವುವು, ಹೀಗೆ ಒಂದೊಂದಾಗಿ ಉತ್ತರಿಸುತ್ತಾನೆ. ಎರಡನೆಯದು ಬಾಯಿಮಾತು. ನಿಮ್ಮಲ್ಲಿ ಜಗಳಗಳಿವೆ ಅಂತ ಖ್ಲೋಯೆಯ ಮನೆಯವರಿಂದ ತಿಳಿಯಿತು ಅಂತ ಮೊದಲ ಅಧ್ಯಾಯದಲ್ಲೇ ಹೇಳುತ್ತಾನೆ. ಖ್ಲೋಯೆ ಒಬ್ಬ ಹೆಂಗಸು. ಅವಳ ಕಡೆಯವರು ಗುಲಾಮರೋ ಬಿಡುಗಡೆಯಾದವರೋ ಇರಬೇಕು, ಅವಳ ಕೆಲಸದ ಮೇಲೆ ಸಮುದ್ರ ದಾಟಿ ಬಂದವರು ಅಂತ ಬಹಳ ವಿದ್ವಾಂಸರು ಊಹಿಸುತ್ತಾರೆ. ಸ್ತೆಫನ, ಫೊರ್ತುನಾತ, ಅಖಾಯಿಕ ಮೂವರೂ ಪೌಲನ ಹತ್ತಿರ ಬಂದಿದ್ದರು.

ಈಗ ಊಟದ ವಿಷಯ ಯಾವ ದಾರಿಯಲ್ಲಿ ಬಂತು ನೋಡಿ. ‘ಕೇಳಿದ್ದೇನೆ’ ಅನ್ನುತ್ತಾನೆ ಪೌಲ. ‘ನೀವು ಬರೆದಿರಿ’ ಅನ್ನುವುದಿಲ್ಲ. ಪತ್ರ ಬರೆದವರಿಗೆ ಮಾಂಸ ತಿನ್ನುವುದು ಪ್ರಶ್ನೆಯಾಗಿ ಕಂಡಿತು. ಪಕ್ಕದಲ್ಲಿ ಹಸಿದು ಕೂತವರು ಕಾಣಲಿಲ್ಲ. ಕಂಡಿದ್ದರೂ ಬರೆಯುವಂಥ ವಿಷಯ ಅನಿಸಲಿಲ್ಲ. ಕೆಟ್ಟ ಜನ ಅಂತ ನಾನು ಹೇಳುತ್ತಿಲ್ಲ. ದಿನವೂ ನೋಡುವ ಅಸಮಾನತೆ ಮನೆಯ ಗೋಡೆಯ ಹಾಗೆ, ಅದರ ಬಗ್ಗೆ ಯಾರೂ ಪತ್ರ ಬರೆಯುವುದಿಲ್ಲ.

ಗಟ್ಟಿ ನಂಟಿಗಿಂತ ಸಡಿಲ ನಂಟೇ ಹೊಸ ಸುದ್ದಿಯನ್ನು ದೂರ ಒಯ್ಯುತ್ತದೆ ಅಂತ ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಒಂದು ಲೇಖನದಲ್ಲಿ ತೋರಿಸಿದರು. ಕೊರಿಂಥದಲ್ಲೂ ಹಾಗೇ ಆಗಿರಬೇಕು. ಒಂದೇ ಮನೆಯಲ್ಲಿ ಉಂಡವರು ಹೇಳದಿದ್ದುದನ್ನು ದಾರಿಯವರು ಹೇಳಿರಬೇಕು.

ಊಟ

ರೋಮನ್ ಕಾಲದ ಅನುಕೂಲಸ್ಥರ ಮನೆಯ ಊಟದ ಕೋಣೆಯಲ್ಲಿ ಮೂರು ಕಡೆ ಮೂರು ಮಂಚ. ಒಂದೊಂದರ ಮೇಲೆ ಮೂವರು ಒರಗಿ ಉಣ್ಣುವುದು ರೂಢಿ. ಒಟ್ಟು 9 ಜನ. ಸಭೆಯಲ್ಲಿ ಅದಕ್ಕಿಂತ ಜಾಸ್ತಿ ಜನ ಇದ್ದರು. ಕೊರಿಂಥದ ನಂಟಿನಲ್ಲಿ ನಮಗೆ ಗೊತ್ತಿರುವ ಹೆಸರುಗಳೇ 15ಕ್ಕೂ ಹೆಚ್ಚು. ಊಟದ ಕೋಣೆ ಮನೆಯೊಡೆಯನ ಸರೀಕರಿಗೆ, ಮಿಕ್ಕವರಿಗೆ ಹೊರಗಿನ ಅಂಗಳ. ಪತ್ರದಲ್ಲಿ ಕೋಣೆಯ ಲೆಕ್ಕ ಇಲ್ಲ. ಆದರೆ ಆ ಕಾಲದ ಮನೆಗಳನ್ನು ನೋಡಿದರೆ ಚಿತ್ರ ಹೀಗೆಯೇ ಮೂಡುತ್ತದೆ.

ಅಂಗಳದವರಿಗೆ ಅದೇ ಅಡುಗೆ ಹೋಗಬೇಕು ಅನ್ನುವ ನಿಯಮವೂ ಆ ಸಮಾಜದಲ್ಲಿ ಇರಲಿಲ್ಲ. ಕಿರಿಯ ಪ್ಲಿನಿ ಎಂಬ ರೋಮನ್ ಅಧಿಕಾರಿ, ಪೌಲನಿಗಿಂತ ಸುಮಾರು ಅರ್ಧ ಶತಮಾನ ಈಚಿನವನು, ಒಂದು ಔತಣದ ಬಗ್ಗೆ ಬರೆದಿದ್ದಾನೆ. ಅಲ್ಲಿ ದ್ರಾಕ್ಷಾರಸ ಪುಟ್ಟ ಹೂಜಿಗಳಲ್ಲಿ ಮೂರು ಬಗೆಯಾಗಿ ಬಂತು. ಮೊದಲ ದರ್ಜೆ ಮನೆಯೊಡೆಯನಿಗೂ ಆಪ್ತರಿಗೂ. ಎರಡನೆಯದು ಸಣ್ಣ ಸ್ನೇಹಿತರಿಗೆ. ಮೂರನೆಯದು ಬಿಡುಗಡೆಯಾದ ಗುಲಾಮರಿಗೆ. ಪ್ಲಿನಿಗೆ ಇದು ಸರಿಬರಲಿಲ್ಲ. ನಾನು ಎಲ್ಲರಿಗೂ ಒಂದೇ ಬಡಿಸುತ್ತೇನೆ, ಅವರು ಕುಡಿಯುವುದನ್ನೇ ನಾನೂ ಕುಡಿಯುತ್ತೇನೆ ಅಂತ ಹೇಳಿಕೊಂಡ. ಹೇಳಿಕೊಳ್ಳಬೇಕಾಯಿತು ಅಂದರೆ ರೂಢಿ ಬೇರೆಯೇ ಇತ್ತು.

ಕೊರಿಂಥದಲ್ಲಿ ನಡೆದದ್ದು ಈ ರೂಢಿಯೇ. ಒಬ್ಬೊಬ್ಬರು ತಂತಮ್ಮ ಊಟವನ್ನು ಮುಂಚೆಯೇ ಮಾಡಿ ಮುಗಿಸುತ್ತೀರಿ, ಒಬ್ಬ ಹಸಿದಿರುತ್ತಾನೆ, ಇನ್ನೊಬ್ಬ ಕುಡಿದಿರುತ್ತಾನೆ ಅನ್ನುತ್ತಾನೆ ಪೌಲ. ಗುಲಾಮನಿಗೆ ಹೊತ್ತು ಅವನ ಕೈಯಲ್ಲಿಲ್ಲ. ಕೂಲಿಯವನಿಗೂ ಇಲ್ಲ. ಕೆಲಸ ಮುಗಿಸಿ ಅವರು ಬರುವಷ್ಟರಲ್ಲಿ ಪಾತ್ರೆ ಖಾಲಿ. ನೀವು ತಿನ್ನುತ್ತಿರುವುದು ಪ್ರಭು ಭೋಜನವೇ, ಅಂದರೆ ಯೇಸುವಿನ ನೆನಪಿಗೆ ಉಣ್ಣುವ ಊಟವೇ, ಅಲ್ಲ ಅಂತ ನೇರವಾಗಿ ಹೇಳಿಬಿಡುತ್ತಾನೆ. ಏನೂ ಇಲ್ಲದವರನ್ನು ನಾಚಿಕೆಪಡಿಸುತ್ತೀರಾ ಅಂತ ಕೇಳುತ್ತಾನೆ. ಹಸಿವಿಗಿಂತ ಆ ನಾಚಿಕೆಯನ್ನು ಅವನು ಗುರುತಿಸಿದ್ದು ನನಗೆ ದೊಡ್ಡದಾಗಿ ಕಾಣುತ್ತದೆ. ಬಡಿಸುವವನು ಮುಂದಿನ ಸಾಲಿಗೆ ಹೋಗಿ ನಿಮ್ಮನ್ನು ದಾಟಿಬಿಟ್ಟಾಗ ಎಲೆ ನೋಡುತ್ತಾ ಕೂತವರಿಗೆ ಅದು ಏನು ಅಂತ ಗೊತ್ತು.

ಮಾಂಸದ ಜಗಳವನ್ನೂ ಇದರ ಪಕ್ಕದಲ್ಲಿಟ್ಟು ಓದಬೇಕು. ಮೂರ್ತಿ ಅನ್ನುವುದೇ ಸುಳ್ಳು, ಮಾಂಸ ತಿಂದರೇನು ಅಂತ ‘ತಿಳಿದವರು’ ವಾದಿಸಿದರು. ಜರ್ಮನಿಯ ವಿದ್ವಾಂಸ ಗೆರ್ಡ್ ಟೈಸನ್ ಇಲ್ಲಿ ಒಳ್ಳೆಯ ಮಾತು ಎತ್ತಿದರು. ಬಡವರಿಗೆ ಮಾಂಸ ಸಿಗುತ್ತಿದ್ದದ್ದು ಹೆಚ್ಚಾಗಿ ಹಬ್ಬಹರಿದಿನಗಳಲ್ಲಿ, ಅದೂ ದೇವಸ್ಥಾನದ ನಂಟಿನಿಂದ. ಅವರ ಮನಸ್ಸಿನಲ್ಲಿ ಮಾಂಸಕ್ಕೂ ಆ ದೇವರಿಗೂ ಗಂಟುಬಿದ್ದಿತ್ತು. ಅನುಕೂಲಸ್ಥನಿಗೆ ಅದು ಆಗಾಗ ತಿನ್ನುವ ಆಹಾರ, ಜೊತೆಗೆ ಗೆಳೆಯರ ಔತಣಕ್ಕೆ ಹೋಗದಿದ್ದರೆ ವ್ಯವಹಾರವೇ ಕೆಡುತ್ತದೆ. ಸಿದ್ಧಾಂತದ ಭೇದ ಅಂತ ಕಂಡದ್ದರ ಹಿಂದೆ ಅಡುಗೆಮನೆಯ ಭೇದವೂ ಇತ್ತು.

ಗುಂಪುಗಳು, ದುಡ್ಡು

ನಾನು ಪೌಲನವನು, ನಾನು ಅಪೊಲ್ಲೋಸನವನು, ನಾನು ಕೇಫನವನು, ನಾನು ಕ್ರಿಸ್ತನವನು. ಖ್ಲೋಯೆಯ ಕಡೆಯವರು ತಂದ ಸುದ್ದಿಯಲ್ಲಿ ಇದೇ ಮೊದಲು. ಕೇಫ ಅಂದರೆ ಯೇಸುವಿನ ಶಿಷ್ಯ ಪೇತ್ರ. ಅಪೊಲ್ಲೋಸ ಅಲೆಕ್ಸಾಂಡ್ರಿಯದ ಯೆಹೂದ್ಯ, ಮಾತುಗಾರ. ಎಫೆಸದಲ್ಲಿ ಪ್ರಿಸ್ಕಿಲ್ಲ ಮತ್ತು ಅಕ್ವಿಲ ಅವನನ್ನು ಮನೆಗೆ ಕರೆದು ಬೋಧಿಸಿದರು. ಅಲ್ಲಿನ ಸಹೋದರರು ಶಿಫಾರಸು ಪತ್ರ ಕೊಟ್ಟು ಅಖಾಯಕ್ಕೆ ಕಳಿಸಿದರು. ಪೌಲ, ಅಪೊಲ್ಲೋಸ ಇಬ್ಬರಿಗೂ ಅದೇ ದಂಪತಿಯ ನಂಟು. ಇಬ್ಬರ ನಡುವೆ ಜಗಳವೂ ಕಾಣುವುದಿಲ್ಲ. ಮತ್ತೆ ಕೊರಿಂಥಕ್ಕೆ ಹೋಗು ಅಂತ ಪೌಲನೇ ಒತ್ತಾಯಿಸಿದ, ಅಪೊಲ್ಲೋಸನಿಗೆ ಆಗ ಮನಸ್ಸಿರಲಿಲ್ಲ. ಗುರುಗಳಿಗೆ ಬೇಡವಾದ ಗುಂಪನ್ನು ಶಿಷ್ಯರು ಕಟ್ಟಿಕೊಂಡಿದ್ದರು. ಧಣಿಗೊಬ್ಬ ಆಶ್ರಿತ, ಆಶ್ರಿತನಿಗೊಬ್ಬ ಧಣಿ ಅನ್ನುವ ಊರಿನಲ್ಲಿ ಬೆಳೆದವರು ಹೊಸ ಸಭೆಯಲ್ಲೂ ಅದೇ ಅಚ್ಚನ್ನು ಹುಡುಕಿದರು.

ಪೌಲ ಆ ಅಚ್ಚಿಗೆ ಸಿಗಲಿಲ್ಲ. ಕೊರಿಂಥದವರಿಂದ ದುಡ್ಡು ತೆಗೆದುಕೊಳ್ಳದೆ ಕೈಯಾರೆ ದುಡಿದ. ಕೊರತೆ ಬಿದ್ದಾಗ ಉತ್ತರದ ಮಕೆದೋನ್ಯದಿಂದ ಬಂದವರು ಕೊಟ್ಟರು. ಇದು ಕೊರಿಂಥದ ಅನುಕೂಲಸ್ಥರನ್ನು ನೋಯಿಸಿತು. ನಮ್ಮ ದುಡ್ಡು ಬೇಡವಾ ಅಂದರೆ ನಮ್ಮ ಸ್ನೇಹ ಬೇಡವಾ ಅಂತಲೇ ಅರ್ಥ. ಕೊರಿಂಥದವರಿಗೆ ಬರೆದ ಎರಡನೆಯ ಪತ್ರದಲ್ಲಿ ಇದಕ್ಕೆ ಪೌಲ ಬಹಳ ಸಂಕಟಪಟ್ಟು ಉತ್ತರ ಕೊಡುತ್ತಾನೆ.

ಹಾಗಂತ ಯಾರ ಆಸರೆಯೂ ಬೇಡ ಅಂತಲೂ ಅವನು ಬದುಕಲಿಲ್ಲ. ಪಕ್ಕದ ಕೆಂಖ್ರೆಯದ ಸಭೆಯ ಸೇವಕಿ ಫೊಯಿಬೆ ನನಗೂ ಬಹಳ ಜನಕ್ಕೂ ಆಸರೆಯಾದವಳು ಅಂತ ರೋಮಿನವರಿಗೆ ಬರೆಯುತ್ತಾನೆ. ಅವನು ಬಳಸಿದ ಗ್ರೀಕ್ ಪದ ಪ್ರೊಸ್ಟಾಟಿಸ್. ಆಶ್ರಯ ಕೊಡುವ ಯಜಮಾನಿ ಅಂತ ಅದರ ಅರ್ಥ. ಆ ಪತ್ರವನ್ನು ರೋಮಿಗೆ ಒಯ್ದವಳೂ ಅವಳೇ ಇರಬೇಕು ಅಂತ ಹೆಚ್ಚಿನವರ ಅಭಿಪ್ರಾಯ.

ಪೌಲ ಮಾಡಿದ್ದು

ಊಟದ ವಿಷಯಕ್ಕೆ ಅವನು ಕೊಟ್ಟ ಪರಿಹಾರ ತುಂಬ ಸಣ್ಣದು. ಸೇರಿದಾಗ ಒಬ್ಬರಿಗೊಬ್ಬರು ಕಾಯಿರಿ. ಹಸಿವಾದರೆ ಮನೆಯಲ್ಲೇ ತಿಂದು ಬನ್ನಿ. ಮೊದಲನೆಯ ಮಾತು ನನಗೆ ಚಿನ್ನದಂಥದ್ದು. ಎರಡನೆಯದರಲ್ಲಿ ಅವನು ಸೋತ ಅಂತಲೇ ನನಗೆ ಕಾಣುತ್ತದೆ. ತಿಂದು ಬರಲು ಮನೆಯಲ್ಲಿ ಇದ್ದವನಿಗೆ ಮಾತ್ರ ಆ ಸಲಹೆ. ಸಭೆಯ ಊಟದಲ್ಲಿ ಭೇದ ನಿಲ್ಲುತ್ತದೆ, ನಿಜ. ಆದರೆ ಉಳ್ಳವರ ಮನೆಯ ಮೇಜು ಹಾಗೇ ಉಳಿಯುತ್ತದೆ.

ಅದೇ ಪತ್ರದ 12ನೇ ಅಧ್ಯಾಯದಲ್ಲಿ ಅವನು ಇನ್ನೂ ಮುಂದೆ ಹೋಗುತ್ತಾನೆ. ದೇಹ ಒಂದು, ಅಂಗಗಳು ಹಲವು. ಈ ಹೋಲಿಕೆ ರೋಮನ್ನರಿಗೆ ಹೊಸದಲ್ಲ. ಹೊಟ್ಟೆಯ ಮೇಲೆ ಕೈಕಾಲುಗಳು ಮುನಿಸಿಕೊಂಡು ಕೊನೆಗೆ ತಾವೇ ಸೊರಗಿದ ಕತೆಯನ್ನು ಮೆನೇನಿಯಸ್ ಅಗ್ರಿಪ್ಪ ರೋಮಿನ ಸಾಮಾನ್ಯ ಜನಕ್ಕೆ ಹೇಳಿ ಸಮಾಧಾನ ಮಾಡಿದ್ದ ಅಂತ ರೋಮನ್ ಇತಿಹಾಸಕಾರ ಲಿವಿ ಬರೆದಿದ್ದಾನೆ. ಆ ಕತೆ ಕೆಳಗಿನವರಿಗೆ, ಸುಮ್ಮನಿರಿ ಅನ್ನಲಿಕ್ಕೆ. ಪೌಲ ಅದನ್ನು ತಿರುಗಿಸಿ ಮೇಲಿನವರ ಕಡೆ ಹಿಡಿದ. ಬಲಹೀನ ಅಂತ ಕಾಣುವ ಅಂಗವೇ ಹೆಚ್ಚು ಅಗತ್ಯ, ಕಡಿಮೆ ಮಾನದ್ದಕ್ಕೇ ಹೆಚ್ಚು ಮಾನ ಅಂದ.

ಇನ್ನೊಂದು ಕೆಲಸವನ್ನೂ ಹಚ್ಚಿದ. ವಾರದ ಮೊದಲ ದಿನ ಪ್ರತಿಯೊಬ್ಬರೂ ತಮ್ಮ ಗಳಿಕೆಗೆ ತಕ್ಕಷ್ಟು ತೆಗೆದಿಡಿ, ಜೆರುಸಲೇಮಿನ ಬಡವರಿಗೆ ಕಳಿಸೋಣ ಅಂತ. ದೊಡ್ಡ ಮನೆಯವನು ಒಬ್ಬನೇ ಕೊಟ್ಟು ಹೆಸರು ಕೆತ್ತಿಸಿಕೊಳ್ಳುವ ಪದ್ಧತಿಗೆ ಇದು ತೀರಾ ಬೇರೆ. ತೆರ್ತ್ಯನಂಥವನದೂ ಒಂದು ಕಾಸು ಅದರಲ್ಲಿ ಸೇರುತ್ತದೆ. ಕೊರಿಂಥದವರು ತಡಮಾಡಿದರು, ಎರಡನೆಯ ಪತ್ರದ ಎರಡು ಅಧ್ಯಾಯ ಇದಕ್ಕೇ ಹೋಯಿತು. ಕೊನೆಗೆ ಅಖಾಯದವರು ಸಂತೋಷದಿಂದ ಕೊಟ್ಟರು ಅಂತ ರೋಮಿನವರಿಗೆ ಬರೆದ ಪತ್ರದಲ್ಲಿದೆ.

ಆಮೇಲೆ

ಜಗಳ ಅಲ್ಲಿಗೆ ಮುಗಿಯಲಿಲ್ಲ. ಸುಮಾರು 96ರ ಹೊತ್ತಿಗೆ ರೋಮಿನ ಸಭೆ ಕೊರಿಂಥಕ್ಕೆ ಒಂದು ಪತ್ರ ಕಳಿಸಿತು. ಕ್ಲೆಮೆಂತನ ಪತ್ರ ಅಂತ ಅದಕ್ಕೆ ಹೆಸರು. ಕೊರಿಂಥದಲ್ಲಿ ಕೆಲವರು ಸೇರಿ ಹಿರಿಯರನ್ನು ಸ್ಥಾನದಿಂದ ಇಳಿಸಿದ್ದರು. ಪೌಲ ನಿಮಗೆ ಬರೆದ ಪತ್ರ ಕೈಗೆತ್ತಿಕೊಳ್ಳಿ, ಆಗಲೂ ನೀವು ಪಕ್ಷ ಕಟ್ಟಿದ್ದಿರಿ ಅಂತ ಅದು ನೆನಪಿಸುತ್ತದೆ. ಉಳ್ಳವನು ಬಡವನಿಗೆ ಕೊಡಲಿ ಅನ್ನುತ್ತದೆ. ಪತ್ರ ತಂದ ಮೂವರ ಹೆಸರೂ ಅದರಲ್ಲಿದೆ. ಒಬ್ಬನ ಹೆಸರು ಫೊರ್ತುನಾತ. ಹಳೆಯ ಫೊರ್ತುನಾತನೇ ಅಂತ ಹೇಳಲು ಆಧಾರವಿಲ್ಲ, ಹೆಸರು ಮಾತ್ರ ಅದೇ.

ಆ ಪತ್ರದ 55ನೇ ಅಧ್ಯಾಯದಲ್ಲಿ, ನಮ್ಮಲ್ಲಿ ಅನೇಕರು ತಮ್ಮನ್ನೇ ಗುಲಾಮಗಿರಿಗೆ ಮಾರಿಕೊಂಡು ಬಂದ ಹಣದಲ್ಲಿ ಬೇರೆಯವರಿಗೆ ಊಟ ಹಾಕಿದ್ದಾರೆ ಅನ್ನುವ ಮಾತಿದೆ. ಸುಮಾರು 170ರಲ್ಲಿ ಕೊರಿಂಥದ ಬಿಷಪ್ ದಿಯೊನೀಸಿಯಸ್, ರೋಮಿನಿಂದ ಬಂದ ಇನ್ನೊಂದು ಪತ್ರಕ್ಕೆ ಉತ್ತರ ಬರೆದ. ನೀವು ಊರೂರಿನ ಸಭೆಗಳಿಗೆ, ಗಣಿಗಳಲ್ಲಿ ದುಡಿಯುವ ಸಹೋದರರಿಗೆ ನೆರವು ಕಳಿಸುತ್ತಾ ಬಂದಿದ್ದೀರಿ ಅಂತ ಕೃತಜ್ಞತೆ ಹೇಳಿದ. ಇವತ್ತು ಪ್ರಭುವಿನ ದಿನ, ನಿಮ್ಮ ಪತ್ರ ಓದಿದೆವು, ಹಿಂದೆ ಕ್ಲೆಮೆಂತನ ಕೈಯಿಂದ ಬಂದ ಪತ್ರವನ್ನು ಓದುವಂತೆಯೇ ಇದನ್ನೂ ಓದುತ್ತಿರುತ್ತೇವೆ ಅಂದ. ಒಮ್ಮೆ ಹಸಿದವರು ಅಂಗಳದಲ್ಲಿ ಕೂತ ಊರಿನಲ್ಲಿ, ತಮ್ಮನ್ನೇ ಮಾರಿಕೊಂಡು ಊಟ ಹಾಕಿದವರ ಮಾತನ್ನು ಸಭೆ ಸೇರಿದವರ ಮುಂದೆ ಗಟ್ಟಿಯಾಗಿ ಓದುತ್ತಿದ್ದರು.